ಚಲೋ ಅಂದರೆ ಹೋಗು ಅಂತಲ್ಲ

ನಾನು ಬರೆದ ಮೊದಲ ನಾಟಕದ ನಾಯಕಿ ಕೊನೆಯ ದೃಶ್ಯದಲ್ಲಿ ಸಾಯಬೇಕಾಗಿತ್ತು. ಸಾಯುವ ಬದಲು ಅವಳು ರಂಗದಿಂದ ನಡೆದು ಹೊರಟುಹೋದಳು. ಅದರ ಎರಡನೆಯ ಭಾಗ ಬರೆಯುವ ಉಮೇದು ಹೇಗೆ ಬಂತು ಎಂದು ಈಗಲೂ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಉಮೇದು ಬರಲಿಲ್ಲ, ಬೇರೆ ಗತಿ ಇರಲಿಲ್ಲ. ಬದುಕಿ ಉಳಿದವಳನ್ನು ಏನಾದರೂ ಮಾಡಬೇಕಲ್ಲ!

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಡೊಂಬಿವಲಿ ಈಸ್ಟಿನ ಒಂದು ಬಿಲ್ಡಿಂಗಿನಲ್ಲಿ ಮೇಲಿನ ಮನೆ ನಮ್ಮದು, ಅದರ ಕೆಳಗಿನದು ನನ್ನ ಗೆಳತಿಯದು. ನಾವು ಧಾರವಾಡದ ಕಡೆಯವರು, ಅವರು ಉಡುಪಿಯ ಕಡೆಯವರು. ಅವಳ ಅಪ್ಪ ಥಾಣೆ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂಡುತ್ತಿದ್ದರು. ಅವಳ ಮನೆಯಲ್ಲಿ ತುಳು, ನಮ್ಮಿಬ್ಬರ ಶಾಲೆಯಲ್ಲಿ ಮರಾಠಿ, ರಸ್ತೆಯಲ್ಲಿ ಹಿಂದಿ. ಕನ್ನಡವೆಂದರೆ ಅವಳಿಗೆ ಅಮ್ಮ ಓದುವ ವಾರಪತ್ರಿಕೆಯ ಮತ್ತು ಕನ್ನಡ ಸಂಘದ ವೇದಿಕೆಯ ಭಾಷೆ. ಹಾಗಾಗಿ ಅವಳು ವೇದಿಕೆ ಹತ್ತಿ ಬಾಯಿ ತೆರೆದರೆ ಅಕ್ಷರ ಅಕ್ಷರವೂ ಸ್ವಚ್ಛವಾಗಿ ಉದುರುತ್ತಿತ್ತು. ನಾನು ಹುಟ್ಟಿದಾಗಿನಿಂದ ಕನ್ನಡವನ್ನೇ ಮಾತಾಡಿದವಳು, ನನ್ನ ಕನ್ನಡಕ್ಕೆ ಮಾತ್ರ ಜನ ನಗುತ್ತಿದ್ದರು.

ಒಮ್ಮೊಮ್ಮೆ ರವಿವಾರ ಅವಳ ಅಮ್ಮ ನಮ್ಮಿಬ್ಬರನ್ನೂ ಲೋಕಲ್ ರೈಲಿನಲ್ಲಿ ಥಾಣೆಗೆ ಕರೆದೊಯ್ಯುತ್ತಿದ್ದರು. ಹೋಟೆಲಿನಲ್ಲಿ ಮಸಾಲೆ ದೋಸೆ ಸಿಗುತ್ತಿತ್ತು, ಆದರೆ ನಮಗೆ ದೋಸೆಗಿಂತ ದಾರಿಯ ಮೇಲೆ ಆಸೆ. ದಿವಾ ಸ್ಟೇಷನ್ ದಾಟಿದ ಮೇಲೆ ಫಾಸ್ಟ್ ಗಾಡಿ ಮುಂಬ್ರಾದ ಗುಡ್ಡದ ಹೊಟ್ಟೆಯೊಳಗೆ ನುಗ್ಗುತ್ತದೆ. ಡಬ್ಬಿಯ ತುಂಬ ಕತ್ತಲೆ, ಗಾಲಿಗಳ ಸದ್ದು ನೂರು ಪಟ್ಟು. ಮಕ್ಕಳೆಲ್ಲ ಗಂಟಲು ಹರಿಯುವಂತೆ ಕೂಗುತ್ತಾರೆ, ದೊಡ್ಡವರು ಕೈಚೀಲ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಆ ಸುರಂಗದ ನಡುವೆ ಒಂದು ಬಾಗಿಲಿದೆ, ಬಾಗಿಲಾಚೆ ಮಾಂತ್ರಿಕರ ಊರಿದೆ ಎಂದು ನಾನೇ ಅವಳ ಕಿವಿಯಲ್ಲಿ ಕೂಗಿ ಹೇಳಿದ್ದು. ಗಾಡಿ ಬೆಳಕಿಗೆ ಬರುವಷ್ಟರಲ್ಲಿ ಅರ್ಧ ಕಥೆ ಆಗಿಹೋಗಿತ್ತು.

ಕಥೆ ಹೀಗೆ. ಆ ಊರಲ್ಲಿ ಮಂತ್ರವಿದ್ಯೆಯ ಸ್ಪರ್ಧೆ ನಡೆಯುತ್ತದೆ. ಸೋತವರು ಸಾಯುತ್ತಾರೆ, ಗೆದ್ದ ಒಬ್ಬರೇ ಸುರಂಗದಿಂದ ಹೊರಗೆ ಬರುತ್ತಾರೆ. ಸೆರೆಸಿಕ್ಕ ತಮ್ಮನನ್ನು ಬಿಡಿಸಲು ಒಬ್ಬ ಹುಡುಗಿ ಕಣಕ್ಕಿಳಿಯುತ್ತಾಳೆ, ಎಲ್ಲರನ್ನೂ ಸೋಲಿಸುತ್ತಾಳೆ. ಹುಡುಗಿಯೊಬ್ಬಳು ಗೆದ್ದಳಲ್ಲ ಎಂಬ ಹೊಟ್ಟೆಯುರಿಗೆ ಮುದಿ ಮಾಂತ್ರಿಕ ಅವಳನ್ನು ಮೊದಲು ಹೊಗಳುತ್ತಾನೆ, ಹಿಂದೆಯೇ ಮಂತ್ರದಂಡ ಬೀಸಿ ಕೊಂದುಬಿಡುತ್ತಾನೆ. ತಮ್ಮ ಬಿಡುಗಡೆಯಾಗುತ್ತಾನೆ, ಅಕ್ಕ ಉಳಿಯುವುದಿಲ್ಲ. ಬರೆಯುವಾಗ ನಾನೇ ಅತ್ತಿದ್ದೆ. ಸಭೆಯೂ ಅಳಬೇಕು ಎನ್ನುವುದು ನನ್ನ ಹಟವಾಗಿತ್ತು.

ಸಂಘದ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಅರ್ಧ ಗಂಟೆ ಕೊಡುತ್ತಿದ್ದರು. ಬಾಡಿಗೆಗೆ ಹಿಡಿದ ಮರಾಠಿ ಶಾಲೆಯ ಸಭಾಂಗಣವೇ ನಮ್ಮ ಹಾಲು. ಯಾರೂ ಹೇಳದಿದ್ದರೂ ನಮ್ಮ ಕಡೆಯವರು ಎಡಕ್ಕೆ, ಕರಾವಳಿಯವರು ಬಲಕ್ಕೆ ಕೂಡುತ್ತಿದ್ದರು. ನಾಯಕಿ ನನ್ನ ಗೆಳತಿ. ಮಾಂತ್ರಿಕನ ಪಾತ್ರ ಬೇರೆ ಯಾರ ಕೈಗೂ ಕೊಡುವ ಮನಸ್ಸಾಗದೆ ನಾನೇ ಹತ್ತಿಯ ಗಡ್ಡ ಅಂಟಿಸಿಕೊಂಡೆ. ಅವ್ವನ ಲಟ್ಟಣಿಗೆಗೆ ಬೇಗಡೆ ಸುತ್ತಿ ಮಂತ್ರದಂಡ ಮಾಡಿದ್ದಾಯಿತು.

ಕೊನೆಯ ದೃಶ್ಯದವರೆಗೂ ಎಲ್ಲ ನೆಟ್ಟಗೆ ನಡೆಯಿತು. ಗೆದ್ದ ನಾಯಕಿ ನನ್ನ ಮುಂದೆ ತಲೆಯೆತ್ತಿ ನಿಂತಳು. ನಾನು "ಭಲೆ, ಒಳ್ಳೆಯದು!" ಎನ್ನಬೇಕಿತ್ತು. ಎಷ್ಟು ಚೆನ್ನಾಗಿ ನಿಂತಿದ್ದಳೆಂದರೆ, ನನಗೆ ಬರೆದದ್ದು ಮರೆತು ಮನೆಯ ಮಾತೇ ಬಾಯಿಗೆ ಬಂತು.

"ಚಲೋ!" ಎಂದೆ, ಹಾಲು ನಡುಗುವ ಹಾಗೆ.

ನಮ್ಮ ಕಡೆ ಚಲೋ ಎಂದರೆ ಒಳ್ಳೆಯದು, ಚೆಂದ. ಚಲೋ ಹುಡುಗಿ, ಚಲೋ ಊಟ, ಚಲೋ ಆತು. ಇದು ನನ್ನ ಗೆಳತಿಗೂ ಗೊತ್ತಿತ್ತು, ನಮ್ಮ ಅಡುಗೆಮನೆಯಲ್ಲಿ ಸಾವಿರ ಸಲ ಕೇಳಿದ್ದಳು. ಆದರೆ ಅಷ್ಟು ಜನರ ಮುಂದೆ, ಕಣ್ಣಿಗೆ ಲೈಟು ಹೊಡೆಯುವಾಗ, ಅವಳ ಕಿವಿಗೆ ಕೇಳಿಸಿದ್ದು ಪ್ಲಾಟ್‌ಫಾರ್ಮಿನ ಹಿಂದಿ. ಕಂಡಕ್ಟರನ ಚಲೋ, ಪೊಲೀಸನ ಚಲೋ. ನಡಿ, ಹೊರಡು. ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಗಂಭೀರವಾಗಿ ಲಂಗ ಎತ್ತಿಕೊಂಡು ಬಲಗಡೆಯ ಪರದೆಯಾಚೆ ನಡೆದುಹೋದಳು.

ಕೊಲ್ಲಲು ಎತ್ತಿದ ಲಟ್ಟಣಿಗೆ ಎತ್ತಿದ ಹಾಗೇ ನಿಂತಿತು. ಕೊಲ್ಲುವುದಕ್ಕೆ ಯಾರೂ ಇರಲಿಲ್ಲ. ಎಡಗಡೆಯವರು, ಹೊಗಳಿದರೆ ಈ ಹುಡುಗಿ ಯಾಕೆ ಹೊರಟಳು ಎಂದು ನಕ್ಕರು. ಬಲಗಡೆಯವರು, ಹೋಗು ಎಂದ ಮಾಂತ್ರಿಕನೇ ಯಾಕೆ ಬಾಯಿ ಬಿಟ್ಟು ನಿಂತಿದ್ದಾನೆ ಎಂದು ನಕ್ಕರು. ನಗುವಿನಲ್ಲಿ ಮಾತ್ರ ಇಡೀ ಹಾಲು ಒಂದಾಗಿತ್ತು. ಪರದೆ ಎಳೆದು ನಮ್ಮ ಮಾನ ಉಳಿಸಬೇಕಾದವರು ಸಂಘದ ಕಾರ್ಯದರ್ಶಿಗಳು, ಅವರು ಪರದೆಯ ಹಗ್ಗವನ್ನೇ ಹಿಡಿದುಕೊಂಡು ಬಗ್ಗಿ ನಗುತ್ತಿದ್ದರು.

ಪರದೆಯ ಹಿಂದೆ ನಮ್ಮಿಬ್ಬರಿಗೂ ಜಗಳ ಹತ್ತಿತು.

"ಯಾಕ ಹೋದಿ? ಸಾಯೂದು ಬಿಟ್ಟು ಎಲ್ಲಿಗೆ ಹೋದಿ ನೀ?"

"ನೀನೇ ಚಲೋ ಅಂದದ್ದಲ್ವಾ? ಹೋಗು ಅಂದ ಮೇಲೆ ನಂಗೆ ಅಲ್ಲಿ ಎಂತ ಕೆಲಸ?"

"ಚಲೋ ಅಂದ್ರ ಹೋಗು ಅಂತಲ್ಲ! ಚಲೋ ಮಾಡಿದಿ ಅಂತ!"

"ಹಾಗಾದ್ರೆ ಕನ್ನಡದಲ್ಲಿ ಹೇಳ್ಬೇಕಿತ್ತು!"

ಆ ಮಾತು ನನ್ನ ಎದೆಗೆ ಒನಕೆಯಿಂದ ಕುಟ್ಟಿದ ಹಾಗಾಯಿತು. ನಾನು ಆಡುವುದು ಕನ್ನಡವೇ, ನಿನ್ನದು ಪತ್ರಿಕೆಯ ಕನ್ನಡ ಎಂದೆಲ್ಲ ಕೂಗಾಡಿದೆ. ಇವತ್ತಿಗೂ ಆ ಜಗಳದಲ್ಲಿ ನಾನು ಸೋತೆ ಎಂದು ಒಪ್ಪಿಕೊಂಡವಳಲ್ಲ. ಚಲೋ ಒಳ್ಳೆಯ ಕನ್ನಡ ಶಬ್ದ, ಅದನ್ನು ಹಿಂದಿಯವರು ಬೇರೆ ಕೆಲಸಕ್ಕೆ ಹಚ್ಚಿಕೊಂಡರೆ ಅದಕ್ಕೆ ನಾನು ಹೊಣೆಯೇ?

ಜಗಳ ನಾಲ್ಕು ದಿನದಲ್ಲಿ ಆರಿತು, ಜನರ ನಗು ಆರಲಿಲ್ಲ. ನನ್ನನ್ನು ಕಾಡಿದವರು ಕಡಿಮೆ, ಗಡ್ಡದ ಹಿಂದೆ ನನ್ನ ಮುಖ ಯಾರಿಗೂ ಸರಿಯಾಗಿ ಕಂಡಿರಲಿಲ್ಲ. ಅವಳು ಸಿಕ್ಕಿಬಿದ್ದಳು. ಬೆಳಿಗ್ಗೆ ಹಾಲು ಕೊಳ್ಳುವ ಬೂತಿನ ಸಾಲಿನಲ್ಲಿ, ಸ್ಟೇಷನ್ನಿನ ಬ್ರಿಜ್ಜಿನ ಮೇಲೆ, ಎಲ್ಲಿ ಕಂಡರೂ ಸಂಘದ ಯಾರಾದರೂ ಒಬ್ಬರು "ಚಲೋ, ಚಲೋ" ಎನ್ನುತ್ತಿದ್ದರು. ಮೊದಲು ಅವಳೂ ನಕ್ಕಳು. ಆಮೇಲೆ ತಲೆ ತಗ್ಗಿಸಿದಳು. ಗಣಪತಿ ಹಬ್ಬದಲ್ಲಿ ಬಿಲ್ಡಿಂಗಿನವರು ಹಾಡಲು ಕರೆದರೆ ಗಂಟಲು ನೋವು ಎಂದಳು. ನನಗೆ ಅವಳ ಗಂಟಲು ಗೊತ್ತು, ಅದಕ್ಕೆ ಯಾವತ್ತೂ ನೋವು ಬಂದದ್ದಿಲ್ಲ. ಅವಳ ಹಾಗೆ ರಂಗದ ಮೇಲೆ ನಿಲ್ಲುವವರು ಇಡೀ ಡೊಂಬಿವಲಿಯಲ್ಲಿ ಇರಲಿಲ್ಲ. ಅವಳು ಹೀಗೆ ಮೂಲೆ ಸೇರುವುದನ್ನು ನೋಡಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಬರೆಯುತ್ತೇನೆ.

ಬರೆಯಲು ಕೂತಾಗ ದಾರಿ ತಾನೇ ತೆರೆಯಿತು. ನಾಯಕಿ ಸ್ಪರ್ಧೆಯಿಂದ ಜೀವಂತವಾಗಿ ಹೊರಟುಹೋಗಿದ್ದಾಳೆ, ಸಭೆಯೆಲ್ಲ ಕಣ್ಣಾರೆ ನೋಡಿದೆ. ಮಾಂತ್ರಿಕರ ಊರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನು? ಅವರು ಮತ್ತೊಮ್ಮೆ ಸ್ಪರ್ಧೆ ಹೂಡುತ್ತಾರೆ, ಅವಳನ್ನು ಎಳೆದು ತರಿಸುತ್ತಾರೆ. ಈ ಸಲ ಸೋತವರು ಕಲ್ಲಾಗುತ್ತಾರೆ. ಕಟ್ಟಕಡೆಗೆ ಸುರಂಗದ ಬಾಗಿಲಲ್ಲಿ ಮುದಿ ಮಾಂತ್ರಿಕ ಸ್ಪರ್ಧಿಗಳಿಗೆ ಒಂದೇ ಒಂದು ಶಬ್ದ ಹೇಳುತ್ತಾನೆ, ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡವರಿಗಷ್ಟೇ ಬಾಗಿಲು ತೆರೆಯುತ್ತದೆ. ಆ ಶಬ್ದ ಯಾವುದು ಎಂದು ಬೇರೆ ಹೇಳಬೇಕೆ? ಒಬ್ಬ ಅದನ್ನು ಹೋಗು ಎಂದುಕೊಂಡು ನಡೆಯುತ್ತಾನೆ, ಕಲ್ಲಾಗುತ್ತಾನೆ. ಇನ್ನೊಬ್ಬ ಹೊಗಳಿಕೆ ಎಂದುಕೊಂಡು ಹಲ್ಲು ಕಿರಿದು ನಿಲ್ಲುತ್ತಾನೆ, ಕಲ್ಲಾಗುತ್ತಾನೆ. ನಾಯಕಿ ಎರಡೂ ಅರ್ಥ ಬಲ್ಲವಳು. ಹೊಗಳಿಕೆಗೆ ನಮಸ್ಕಾರ ಮಾಡುತ್ತಾಳೆ, ಆಮೇಲೆ ನಡೆಯುತ್ತಾಳೆ. ಬಾಗಿಲು ತೆರೆಯುತ್ತದೆ. ಹೋದ ವರ್ಷ ನಮ್ಮ ಮುಖಕ್ಕೆ ಮಸಿ ಬಳಿದ ಶಬ್ದವೇ ಈ ವರ್ಷ ಬೀಗದ ಕೈ. ಬರೆದು ಮುಗಿಸಿ ನಾನೇ ಮಂಚದ ಮೇಲೆ ನಿಂತು ಕುಣಿದೆ.

ಕೆಳಗಿನ ಮನೆಗೆ ಇಳಿದು ಹೋಗಿ ಇಡೀ ಕಥೆ ಹೇಳಿದೆ. ಗೆಳತಿ ತಲೆ ಬಗ್ಗಿಸಿ ಹೂ ಕಟ್ಟುತ್ತಿದ್ದಳು. ಅವಳ ಅಮ್ಮ, ಚಿಕ್ಕಮ್ಮನ ಹಾಗೆ ನಾನು ಕಾಕು ಎನ್ನುವವರು, ಮಾತಾಡಿದರು.

"ನಿನ್ನ ನಾಟಕದ ಸಹವಾಸ ಸಾಕು ಮಾರಾಯ್ತಿ. ಇವಳು ಹಾಲು ತರ್ಲಿಕ್ಕೆ ಹೋದ್ರೂ ಜನ ನಗಾಡ್ತಾರೆ."

"ಕಾಕು, ಈ ಸಲ ಯಾರೂ ಇಕಿಗೆ ನಗೂದಿಲ್ಲ. ನಾ ಎಲ್ಲೆ ನಗು ಅಂತೀನಿ ಅಲ್ಲೇ ನಗತಾರ."

"ಅದನ್ನು ಹೋದ ವರ್ಷವೂ ಹೇಳಿದ್ದೆ ನೀನು. ಆಗ ಅಳಿಸ್ತೇನೆ ಅಂದದ್ದು."

ಆಗ ಗೆಳತಿ ತಲೆಯೆತ್ತಿ, "ಅಮ್ಮಾ, ಒಂದು ಸಲ ಮಾಡ್ತೇನೆ," ಎಂದಳು. "ಈ ಸಲವೂ ನನ್ನನ್ನು ನೋಡಿ ನಗಾಡಿದ್ರೆ ಆಮೇಲೆ ಯಾವತ್ತೂ ಸ್ಟೇಜು ಹತ್ತುವುದಿಲ್ಲ. ಹಾಡ್ಲಿಕ್ಕೂ ಇಲ್ಲ." ಕೊನೆಯ ಮಾತನ್ನು ಅಮ್ಮನಿಗಲ್ಲ, ನನಗೆ ಹೇಳಿದ್ದಳು. ಅವಳು ಹೇಳಿದ್ದನ್ನು ಮಾಡುವವಳು.

ಕಾರ್ಯದರ್ಶಿಗಳು ಬಿಜಾಪುರದ ಕಡೆಯವರು, ಕಲ್ಯಾಣದಲ್ಲಿದ್ದರು. ನಾವಿಬ್ಬರೂ ಅವರ ಮನೆಗೆ ಹೋದೆವು. "ಈ ಸಲ ಮಕ್ಕಳ ನಾಟಕ ಬ್ಯಾಡವಾ, ಒಂದ್ ಸಮೂಹಗೀತ ಹಾಡಿಬಿಡ್ರಿ," ಎಂದರು. ಹಗ್ಗ ಹಿಡಿದು ನಕ್ಕವರು ನೀವೇ ಅಲ್ಲವೇ ಎಂದು ನಾನು ಕೇಳಿಯೇಬಿಟ್ಟೆ. ಅವರ ಹೆಂಡತಿ ಒಳಗಿನಿಂದ, "ಖರೇನ ಐತಿ, ಮನೀಗೆ ಬಂದ್ ಮ್ಯಾಲೂ ನಕ್ಕೋತ ಕೂತಿದ್ರು," ಎಂದರು. ಕಾರ್ಯದರ್ಶಿಗಳು ಕೆಮ್ಮಿ, ನಮ್ಮ ನಾಟಕಕ್ಕೆ ಅರ್ಧ ಗಂಟೆ ಎಂದು ಬರೆದುಕೊಂಡರು.

ಬಿಲ್ಡಿಂಗಿನ ಗಚ್ಚಿಯ, ಅಂದರೆ ತಾರಸಿಯ ಮೇಲೆ ದಿನಾ ಸಂಜೆ ತಾಲೀಮು. ಒಣಹಾಕಿದ ಸೀರೆಗಳೇ ಸುರಂಗದ ಗೋಡೆ. ಕಲ್ಲಾಗುವ ಪಾತ್ರಗಳಿಗೆ ಪಕ್ಕದ ವಿಂಗಿನ ಅಣ್ಣತಮ್ಮಂದಿರು ಸಿಕ್ಕರು, ಅಲ್ಲಾಡದೆ ನಿಲ್ಲುವುದೊಂದೇ ಅವರಿಗೆ ಬರದ ವಿದ್ಯೆ. ದೂರದಲ್ಲಿ ಗಾಡಿ ಹೋದಾಗಲೆಲ್ಲ ನಾವು ಮಾತು ನಿಲ್ಲಿಸಿ ಕಾಯುತ್ತಿದ್ದೆವು. ಗೆಳತಿ ಎರಡೇ ದಿನದಲ್ಲಿ ಎಲ್ಲ ಬಾಯಿಪಾಠ ಮಾಡಿದಳು. ಅವಳಿಗೆ ಇದ್ದದ್ದು ಒಂದೇ ತಕರಾರು.

"ಗೆದ್ದದ್ದು ನಾನು. ಕೊನೆಗೆ ಮಾತಾಡುವುದು ನೀನಾ?"

ನಿಜ, ಬಾಗಿಲು ತೆರೆದ ಮೇಲೆ ಸೋತ ಮಾಂತ್ರಿಕ ಮಂತ್ರದಂಡ ಮುರಿದು ಒಂದು ಭಾಷಣ ಮಾಡುತ್ತಿದ್ದ. ಭಾಷೆ, ಅಹಂಕಾರ, ಮಾಂತ್ರಿಕರ ಕುಲದ ಪತನ, ಎಲ್ಲವೂ ಅದರಲ್ಲಿತ್ತು. ಸ್ವಲ್ಪ ಉದ್ದವಿತ್ತು. ಆದರೆ ನನ್ನ ಬರವಣಿಗೆಯಲ್ಲೇ ಶ್ರೇಷ್ಠವಾದ ಭಾಗ ಅದು ಎಂದು ನನಗೆ ಖಾತ್ರಿಯಿತ್ತು.

"ಸೋತಾವನ ಮಾತು ಮಂದಿ ಮನಸ್ಸಿಗೆ ಹತ್ತತದ," ಎಂದು ವಾದಿಸಿದೆ.

"ಹ್ಞಾ, ಹ್ಞಾ," ಎಂದಳು ಅವಳು. ಒಪ್ಪಿದಳೆಂದು ನಾನು ತಿಳಿದೆ.

ಆ ದಿನ ಬಂತು. ಅದೇ ಶಾಲೆ, ಅದೇ ಹಾಲು, ಅದೇ ಎಡ ಬಲ. ನಾಟಕದ ಹೆಸರನ್ನು ಮೈಕಿನಲ್ಲಿ ಹೇಳುತ್ತಿದ್ದ ಹಾಗೆ ಹಾಲಿನಲ್ಲಿ ಗುಸುಗುಸು, ಕಿಸಕಿಸ. ಗೆಳತಿಯ ಅಮ್ಮ ಮುಂದಿನ ಸಾಲಿನಲ್ಲಿ ಸೆರಗನ್ನು ಬಿಗಿಯಾಗಿ ಹೊದ್ದು ಕೂತಿದ್ದರು. ನನ್ನ ಅವ್ವ ಅವರ ಪಕ್ಕಕ್ಕೇ ಹೋಗಿ ಕೂತಿದ್ದಳು. ಎಡದವರು ಒಬ್ಬರು ಬಲಕ್ಕೆ ಹೋಗಿ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಕಣದ ದೃಶ್ಯಗಳು ಸರಸರ ಸಾಗಿದವು. ಬೆಂಕಿಯ ಸ್ಪರ್ಧೆ, ಕಡಲಿನ ಖಾಡಿಯ ಹಿನ್ನೀರಿನ ಮೇಲೆ ನಡೆಯುವ ಸ್ಪರ್ಧೆ. ನಾಯಕಿ ಒಂದೊಂದು ಗೆದ್ದಾಗಲೂ ಚಪ್ಪಾಳೆ ಬೀಳತೊಡಗಿತು. ಆಮೇಲೆ ಸುರಂಗದ ಬಾಗಿಲು. ನಾನು ಗಡ್ಡ ನೀವಿಕೊಂಡು ಮೊದಲನೆಯವನಿಗೆ "ಚಲೋ!" ಎಂದೆ. ಅವನು ಹೊರಟ, ಕಲ್ಲಾದ. ಎಡಗಡೆಯವರು ಬಿದ್ದು ಬಿದ್ದು ನಕ್ಕರು. ಎರಡನೆಯವನಿಗೆ "ಚಲೋ!" ಎಂದೆ. ಅವನು ಹಲ್ಲು ಕಿರಿದು ನಿಂತ, ಕಲ್ಲಾದ. ಬಲಗಡೆಯವರು ನಕ್ಕರು. ಎಲ್ಲಿ ನಗಬೇಕೆಂದು ಬರೆದಿದ್ದೆನೋ ಅಲ್ಲೇ ನಗುತ್ತಿದ್ದರು. ಗಡ್ಡದೊಳಗೆ ನನಗೆ ಹಿಗ್ಗೋ ಹಿಗ್ಗು.

ಈಗ ನಾಯಕಿಯ ಸರದಿ. ಇಲ್ಲಿ ಹಾಲು ಸ್ತಬ್ಧವಾಗಬೇಕು ಎಂದು ಬರೆದಿದ್ದೆ. ಅವಳು ಬಂದು ನಿಂತಳು. ಸ್ತಬ್ಧವಾಯಿತು ಕೂಡ. ನಾನು ಉಸಿರು ತುಂಬಿಕೊಂಡು ಆ ಶಬ್ದ ಹೇಳಿದೆ.

ಹೇಳಿದ್ದೇ ತಡ, ಹಿಂದಿನ ಬೆಂಚುಗಳಿಂದ ಯಾವನೋ ಒಬ್ಬ, "ಏ, ಚಲೋ ಚಲೋ, ಘರ್ ಚಲೋ!" ಎಂದು ಕೂಗಿದ. ಅವನ ಸುತ್ತಲಿನವರು ನಕ್ಕರು, ಅವರ ಮುಂದಿನವರು ನಕ್ಕರು, ನಗು ಸಾಲಿನಿಂದ ಸಾಲಿಗೆ ದಾಟಿ ಬಂತು. ಹೋದ ವರ್ಷದ್ದೇ ನಗು. ಗೆಳತಿಯ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಅವಳ ಅಮ್ಮ ಅರ್ಧ ಎದ್ದು ನಿಂತರು. ನಾಟಕದ ಪ್ರಕಾರ ಅವಳು ಈಗ ನಮಸ್ಕರಿಸಿ ನಡೆಯಬೇಕು. ಆದರೆ ಈ ನಗುವಿನಲ್ಲಿ ನಡೆದರೆ ಅದು ಹೋದ ವರ್ಷದ ನಡಿಗೆಯೇ ಆಗುತ್ತದೆ, ಅವಳು ರಂಗ ಬಿಟ್ಟ ಹಾಗೆಯೇ ಸರಿ. ಕೈಯಲ್ಲಿ ಮಂತ್ರದಂಡವಿದ್ದೂ ನನಗೆ ಏನು ಮಾಡಲೂ ತೋಚಲಿಲ್ಲ.

ಅವಳು ನಡೆಯಲಿಲ್ಲ. ನನ್ನ ಕಡೆಯಿಂದ ತಿರುಗಿ ಸಭೆಯನ್ನು ನೋಡಿದಳು. ಸಿಟ್ಟಿಲ್ಲ, ಅಳುವಿಲ್ಲ, ಗಾಡಿ ಹೋಗಿ ಮುಗಿಯಲಿ ಎಂದು ಗಚ್ಚಿಯ ಮೇಲೆ ಕಾಯುತ್ತಿದ್ದಳಲ್ಲ, ಹಾಗೆ ಕಾದಳು. ಮುಂದಿನ ಸಾಲಿನ ನಗು ನಿಂತಿತು, ಆಮೇಲೆ ನಡುವಿನದು, ಕೊನೆಗೆ ಹಿಂದಿನದೂ. ಪೂರ್ತಿ ಸದ್ದಡಗಿದ ಮೇಲೆ ನನ್ನ ಕಡೆ ತಿರುಗಿ ಬಗ್ಗಿ ನಮಸ್ಕಾರ ಮಾಡಿದಳು.

"ಮಾಂತ್ರಿಕರೇ," ಎಂದಳು, "ನಿಮ್ಮ ಆಟ ಭಾಳ ಚಲೋ ಇತ್ತು."

ನಮ್ಮವ್ವ ಹೇಳುವ ಹಾಗೆಯೇ ಹೇಳಿದಳು, ಲೋ ಎಂಬುದನ್ನು ಕೊಂಚ ಎಳೆದು. ಎಡಗಡೆಯಿಂದ "ಆಹಾ!" ಎಂಬ ಉದ್ಗಾರ ಬಂತು. ಈ ಮಾತು ನಾಟಕದಲ್ಲಿ ಇರಲಿಲ್ಲ. ನಾನು ಗಡ್ಡ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದೆ. ಅವಳು ಬಲಗೈ ಎತ್ತಿ ಬಲಗಡೆಯ ಪರದೆಯನ್ನು ತೋರಿಸಿದಳು.

"ಈಗ ನೀವು ಚಲೋ!"

ಇದು ಪ್ಲಾಟ್‌ಫಾರ್ಮಿನ ಚಲೋ. ಹಾಲಿನಲ್ಲಿ ನಗು ಸ್ಫೋಟಿಸಿತು. ಎಡಕ್ಕೂ ಅರ್ಥವಾಗಿತ್ತು, ಬಲಕ್ಕೂ ಅರ್ಥವಾಗಿತ್ತು, ಈ ಸಲ ಇಬ್ಬರಿಗೂ ಒಂದೇ ಅರ್ಥವಾಗಿತ್ತು. ನಾನಾದರೂ ಸುಲಭಕ್ಕೆ ಹೋಗುವವಳೇ? ನನ್ನ ಭಾಷಣ ಬಾಕಿಯಿತ್ತು. ಬಾಯಿ ತೆರೆದು "ಎಲೈ ತರುಣಿಯೇ" ಎಂದೆ. "ಚಲೋ!" ಎಂದಳು ಅವಳು. ಇನ್ನೊಮ್ಮೆ ತೆರೆದೆ. ಈಗ ಹಾಲಿಗೆ ಹಾಲೇ ಕೂಗಿತು: "ಚಲೋ! ಚಲೋ!" ಗೆಳತಿಯ ಅಮ್ಮ ಎದ್ದು ನಿಂತು ಕೂಗುತ್ತಿದ್ದರು. ನನ್ನ ಹೆತ್ತವ್ವ ಅವರ ಹೆಗಲು ಹಿಡಿದುಕೊಂಡು ಕೂಗುತ್ತಿದ್ದಳು. ಕಲ್ಲಾದ ಇಬ್ಬರೂ ಚಪ್ಪಾಳೆ ತಟ್ಟುತ್ತಿದ್ದರು.

ಹೊರಟೆ. ಹೋದ ವರ್ಷ ಅವಳು ಹೋಗಿದ್ದ ಅದೇ ಪರದೆಯ ಕಡೆಗೆ, ಲಟ್ಟಣಿಗೆಯನ್ನು ಬಗಲಲ್ಲಿ ಇಟ್ಟುಕೊಂಡು, ಜೋತುಬಿದ್ದ ಅರ್ಧ ಗಡ್ಡದೊಂದಿಗೆ. ನಾನು ಬರೆದ ನಾಟಕದಿಂದ ನನ್ನನ್ನೇ ಹೊರಗೆ ಹಾಕಿದ್ದರು. ಅಷ್ಟು ಸಂತೋಷ ನನಗೆ ಆಮೇಲೆ ಬರೆದ ಯಾವುದರಿಂದಲೂ ಸಿಕ್ಕಿಲ್ಲ. ಪರದೆಯ ಸಂದಿಯಿಂದ ನೋಡಿದೆ: ಖಾಲಿ ರಂಗದ ನಡುವೆ ಅವಳೊಬ್ಬಳೇ ನಿಂತಿದ್ದಳು, ಸುರಂಗದ ಬಾಗಿಲನ್ನು ತಾನೇ ತಳ್ಳಿ ತೆರೆದಳು. ಕಾರ್ಯದರ್ಶಿಗಳು ಪರದೆ ಎಳೆದರು, ಈ ಸಲ ಸರಿಯಾದ ಹೊತ್ತಿಗೆ.

ಅವಳು ಬೆವರುತ್ತ ಓಡಿ ಬಂದಳು. ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

"ನನ್ನ ಭಾಷಣ ಪೂರಾ ಉಳಿದುಹೋತು!" ಎಂದೆ, ಸಿಟ್ಟು ಬಂದವಳ ಹಾಗೆ.

"ಯಾಕೆ, ಚಲೋ ಆಗ್ಲಿಲ್ವಾ?"

"ಚಲೋ ಆತು," ಎಂದೆ.

ಹೊರಗಿನವರು ಬಿಡುವ ಹಾಗೆ ಕಾಣಲಿಲ್ಲ. ಪರದೆ ಮತ್ತೆ ಸರಿಯತೊಡಗಿತು. ಅವಳು ನನ್ನ ಗಡ್ಡವನ್ನು ಪೂರ್ತಿ ಕಿತ್ತು ಕೆಳಗೆ ಹಾಕಿ, ಕೈ ಹಿಡಿದು ಎಳೆದು, "ಚಲೋ," ಎಂದಳು. ಯಾವ ಚಲೋ ಎಂದು ಕೇಳದೆ ಅವಳ ಜೊತೆ ಬೆಳಕಿಗೆ ಹೋದೆ.